ಬಲಗಡೆಯ ಲೈಟು ಹಾಕಿದ್ದೇ ತಪ್ಪಾಯಿತು

ಕುಷ್ಟಗಿಗೆ ಕೆಲಸಕ್ಕೆ ಸೇರಿಕೊಳ್ಳಲು ಬಂದ ದಿನ, ಇರಕಲ್ಲಗಡ ದಾಟಿದ ಮೇಲೆ, ನನ್ನ ಮುಂದೆ ಹೋಗುತ್ತಿದ್ದ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿತು. ನಾನು ಮೈಸೂರಿನವಳು. ಬಲಗಡೆ ದೀಪ ಹಾಕಿದವನು ಬಲಕ್ಕೆ ತಿರುಗುತ್ತಾನೆ ಎಂಬುದು ನನಗೆ ಅ ಆ ಇ ಈ ಇದ್ದಷ್ಟೇ ಗಟ್ಟಿ. ಬ್ರೇಕು ಒತ್ತಿ, ಅವನು ತಿರುಗಲಿ ಎಂದು ಹಿಂದೆಯೇ ನಿಧಾನವಾದೆ. ಎಲ್ಲಿಗೆ ತಿರುಗುತ್ತಾನೆ ಎಂದು ನೋಡಿದರೆ ಬಲಕ್ಕೆ ದಾರಿಯೇ ಇರಲಿಲ್ಲ. ಕೊಯ್ಲಾದ ಜೋಳದ ಹೊಲ, ಒಂದು ಜಾಲಿಗಿಡ, ಅದರಾಚೆ ಬರೀ ಬಿಸಿಲು. ಲಾರಿ ತಿರುಗಲೂ ಇಲ್ಲ, ಅದರ ದೀಪ ಆರಲೂ ಇಲ್ಲ.

ನನ್ನ ಹಿಂದೆ ಹಾರ್ನುಗಳು ಶುರುವಾದವು. ಟಂಟಂ ಒಂದು ನನ್ನ ಕಾರನ್ನು ಸವರಿಕೊಂಡು ಮುಂದೆ ಹೋಯಿತು. ಟಂಟಂ ಎಂದರೆ ನಮ್ಮ ಕಡೆಯ ಆಟೊದ ದೊಡ್ಡಪ್ಪ; ಮೂರೇ ಚಕ್ರ, ಆದರೆ ಒಂದು ಮದುವೆಯ ದಿಬ್ಬಣವೇ ಅದರಲ್ಲಿ ಹಿಡಿಸುತ್ತದೆ. ಅದರ ಅಂಚಿನಲ್ಲಿ ಜೋತುಕೊಂಡಿದ್ದ ಒಬ್ಬಾತ ನನ್ನ ಕಿಟಕಿಯ ಕಡೆ ಬಾಗಿ, "ಅಂವ ಹೋಗ್ರಿ ಅನ್ನಾಕತ್ತಾನ, ನೀವ್ಯಾಕ ನಿಂತೀರಿ?" ಎಂದು ಕೇಳಿಕೊಂಡು ಹೋದ. ಯಾರು ಯಾರಿಗೆ ಹೋಗು ಅಂದರು ಎಂದು ನನಗೆ ತಿಳಿಯಲಿಲ್ಲ. ಕೊನೆಗೆ ಲಾರಿಯವನೇ ಕಿಟಕಿಯಿಂದ ಕೈ ಹೊರಗೆ ಹಾಕಿ, ಎಮ್ಮೆ ಅಟ್ಟುವ ಹಾಗೆ ಮುಂದಕ್ಕೆ ಬೀಸಿದ. ಆಗಲೂ ನಾನು ಹೋಗಲಿಲ್ಲ. ದೀಪ ತಿರುಗುತ್ತೇನೆ ಅನ್ನುತ್ತಿದೆ, ಕೈ ಹೋಗು ಅನ್ನುತ್ತಿದೆ, ನಾನು ಯಾವುದನ್ನು ನಂಬಲಿ? ರಸ್ತೆ ಬದಿಗೆ ಕಾರು ನಿಲ್ಲಿಸಿ, ನೀರು ಕುಡಿದು, ಎಲ್ಲರೂ ಹೋದ ಮೇಲೆ ಹೊರಟೆ.

ನಾನು ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡುತ್ತೇನೆ. ವರ್ಗಾವಣೆಯಾಗಿ ಇಲ್ಲಿಗೆ ಬಂದೆ. ಮಗಳ ಓದು ಕೆಡಬಾರದೆಂದು ಅವಳನ್ನು ಮೈಸೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿ ಬಿಟ್ಟು, ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕುಕ್ಕರು, ಹಾಸಿಗೆ ಹೇರಿಕೊಂಡು ಒಬ್ಬಳೇ ಹೊರಟು ಬಂದವಳು. ಕುಷ್ಟಗಿಯಲ್ಲಿ ಬಾಡಿಗೆಗೆ ಸಿಕ್ಕಿದ್ದು ಶರಣವ್ವನ ಮನೆಯ ಮಾಳಿಗೆಯ ಮೇಲಿನ ಒಂದು ಖೋಲಿ. ಇಲ್ಲಿ ಕೋಣೆಗೆ ಖೋಲಿ ಎನ್ನುತ್ತಾರೆ. ಶರಣವ್ವನಿಗೆ ಐವತ್ತು ದಾಟಿದೆ. ಗಂಡ ಲಾರಿ ಚಾಲಕರಾಗಿದ್ದವರು, ತೀರಿಕೊಂಡಿದ್ದಾರೆ. ಮಗ ಮಂಜುನಾಥ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಆಕೆ ಓಣಿಯ ಹೆಂಗಸರನ್ನು ಸೇರಿಸಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಊರಿನ ಖಾನಾವಳಿಗಳಿಗೆ ಕೊಡುತ್ತಾರೆ. ನಾವು ಮೆಸ್ಸು ಅನ್ನುವುದು ಇಲ್ಲಿಯ ಖಾನಾವಳಿ.

ಅಂದು ಸಂಜೆ ಲಾರಿಯ ಕಥೆ ಹೇಳಿದಾಗ ಶರಣವ್ವ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಬಲಕ್ಕ ಲೈಟ್ ಹಾಕ್ಯಾನಂದ್ರ ಎದುರಿಗಿ ಯಾರೂ ಇಲ್ಲ, ನೀವು ಹೋಗ್ರಿ ಅಂತ ಮೇಡಂರ. ಸೈಡ್ ಕೊಡೋದು ಅದು. ಅವ ಉಪಕಾರ ಮಾಡ್ಯಾನ, ನೀವು ನೋಡಿದ್ರ ಹಿಂದ ನಿಂತು ಅವನ ಮಾರಿ ನೋಡೀರಿ."

"ಹಾಗಾದರೆ ಅವನು ನಿಜವಾಗಿ ಬಲಕ್ಕೆ ತಿರುಗಬೇಕಾದರೆ ಏನು ಹಾಕ್ತಾನೆ?"

"ಅವಾಗೂ ಅದನ್ನ ಹಾಕ್ತಾನ್ರಿ."

"ಹಿಂದಿನವನಿಗೆ ಹೇಗೆ ಗೊತ್ತಾಗಬೇಕು?"

"ಗೊತ್ತಾಗ್ತೈತಿ," ಎಂದರು ಶರಣವ್ವ. ಅವರ ಗಂಡನ ಕಾಲದಲ್ಲಿ ಲಾರಿಯಲ್ಲಿ ಕ್ಲೀನರ್ ಇರುತ್ತಿದ್ದನಂತೆ. ಹಿಂದಿನ ಗಾಡಿಗೆ ಹೋಗು ಅನ್ನುವುದು, ತಡಿ ಅನ್ನುವುದು, ತಿರುಗುತ್ತೇವೆ ಅನ್ನುವುದು ಎಲ್ಲ ಅವನ ಕೈಯ ಕೆಲಸ. ಈಗ ಕ್ಲೀನರ್ ಇಲ್ಲ. ಅವನ ಕೈಯ ಅಷ್ಟೂ ಮಾತನ್ನು ಒಂದು ಹಳದಿ ದೀಪದ ತಲೆಗೆ ಕಟ್ಟಿಬಿಟ್ಟಿದ್ದಾರೆ.

ನನಗೆ ನಗು ಬರಲಿಲ್ಲ. ಹೊಸ ಊರಿನಲ್ಲಿ ಎಲ್ಲವನ್ನೂ ಕಲಿಯಬಹುದು. ಬೆಳಿಗ್ಗೆ ಯಾರಾದರೂ "ಒಗ್ಗರಣಿ ತಿಂದ್ರೇನ್ರಿ?" ಎಂದರೆ ಅದು ಸಾಸಿವೆ ಕರಿಬೇವಲ್ಲ, ನೆನೆಸಿದ ಮಂಡಕ್ಕಿಯ ತಿಂಡಿ, ಪಕ್ಕದಲ್ಲಿ ಮಿರ್ಚಿ ಬಜ್ಜಿ ಇರಲೇಬೇಕು ಎಂದು ಒಂದು ವಾರದಲ್ಲಿ ಕಲಿತೆ. ಆಸ್ಪತ್ರೆ ದವಾಖಾನಿ, ಮುಖ ಮಾರಿ, ಶಾಲೆ ಸಾಲಿ, ಗಂಟೆ ತಾಸು, ತುಂಬಾ ಎಂಬುದು ಭಾಳ ಆಗಿದ್ದು ನನ್ನ ನಾಲಿಗೆಗೆ ಕಷ್ಟವೆನಿಸಲಿಲ್ಲ. ಅನ್ನ ಬಿಟ್ಟರೆ ಗತಿಯಿಲ್ಲದಿದ್ದವಳು ಗುರೆಳ್ಳು ಚಟ್ನಿ ಹಚ್ಚಿಕೊಂಡು ಒಣ ರೊಟ್ಟಿ ಕಡಿಯುವಷ್ಟಾದೆ. ಸಂಜೆ ಮಾಳಿಗೆಯ ಮೇಲೆ ಒಬ್ಬಳೇ ಕೂತು ಮಗಳ ಫೋನಿಗೆ ಕಾಯುವುದನ್ನೂ ಕಲಿತೆ. ಅದು ಮಾತ್ರ ಸುಲಭವಾಗಲಿಲ್ಲ. ಆದರೆ ಇವೆಲ್ಲದರಲ್ಲಿ ತಪ್ಪಿದರೆ ಜನ ನಗುತ್ತಾರೆ, ಅಷ್ಟೇ. ರಸ್ತೆಯ ಮೇಲಿನ ದೀಪವನ್ನು ತಪ್ಪಾಗಿ ಓದಿದರೆ ಜೀವ ಹೋಗುತ್ತದೆ. ಅದನ್ನು ಊರಿಗೊಂದು ಅರ್ಥ, ಲಾರಿಗೊಂದು ಅರ್ಥ ಮಾಡಿಕೊಂಡು ಕೂತವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೆಲಸದ ಮೇಲೆ ನಾನು ಜಿಲ್ಲೆಯೆಲ್ಲ ತಿರುಗುತ್ತೇನೆ. ಯಲಬುರ್ಗಾ ಕಡೆ ಹೋದರೆ ಸರ್ಕಲ್ಲಿನಲ್ಲಿ ನೆಟ್ಟಗೆ ಹೋಗುವವರು ನಾಲ್ಕೂ ಇಂಡಿಕೇಟರ್ ಹಾಕುತ್ತಾರೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಅಂದರೆ ನೆಟ್ಟಗೆ, ಇದು ಅವರ ಲೆಕ್ಕ. ಆದರೆ ಪಕ್ಕದಿಂದ ಬರುವವಳಿಗೆ ಕಾಣುವುದು ಒಂದೇ ಬದಿಯ ದೀಪ. ನನ್ನ ಕಡೆ ತಿರುಗುತ್ತಾನೆ ಎಂದು ನಾನು ನುಗ್ಗಿದರೆ ಅವನು ನೆಟ್ಟಗೆ ನನ್ನ ಬಾಗಿಲಿಗೇ ಬರುತ್ತಾನೆ. ಗಂಗಾವತಿಗೆ ಹೋದರೆ ಇನ್ನೊಂದು ಅವತಾರ. ನವಲಿಯ ಕಡೆಯಿಂದ ಭತ್ತ ಹೇರಿಕೊಂಡು ಬರುವ ಟ್ರ್ಯಾಕ್ಟರುಗಳ ಟ್ರೇಲರಿಗೆ ಹಸಿರು, ನೀಲಿ, ನೇರಳೆ ಬಣ್ಣದ ಮಿಣಿಮಿಣಿ ದೀಪದ ಸರ ಸುತ್ತಿರುತ್ತಾರೆ. ಅಷ್ಟು ದೀಪಗಳ ನಡುವೆ ನಿಜವಾದ ಇಂಡಿಕೇಟರ್ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಟ್ರೇಲರು ಅಡ್ಡ ಬಂದಿರುತ್ತದೆ. ಸರ ಕಟ್ಟಿಕೊಳ್ಳದವನದು ಇನ್ನೂ ಚಂದ. ಅವನಿಗೆ ಹಿಂದೆ ದೀಪವೇ ಇರುವುದಿಲ್ಲ. ಒಮ್ಮೆ ಗಂಗಾವತಿಯ ಚಹಾ ಅಂಗಡಿಯೆದುರು ಒಬ್ಬ ಟ್ರ್ಯಾಕ್ಟರಿನವನನ್ನು ಇಷ್ಟೆಲ್ಲ ಯಾಕೆ ಎಂದು ಕೇಳಿದೆ. "ಮದುವಿ ಮನಿಯಾಗ ಹಾಕ್ತಾರಲ್ರಿ, ನಮ್ಮ ಗಾಡಿ ಏನು ಪಾಪ ಮಾಡೈತಿ?" ಎಂದ. ನನಗೆ ಇನ್ನಷ್ಟು ಸಿಟ್ಟು ಬಂತು.

ಓದು ಬರದವರ ಮೇಲೆ ಹಾಯುತ್ತಿದ್ದೇನೆ ಅಂದುಕೊಳ್ಳಬೇಡಿ. ಕೊಪ್ಪಳದ ಮೀಟಿಂಗಿಗೆ ಬರುವ ಹೊಸ ಹೊಸ ಕಾರುಗಳನ್ನು ನೋಡಬೇಕು ನೀವು. ಮುಂದುಗಡೆ ಹಗಲಲ್ಲೂ ಉರಿಯುವ ಬಿಳಿ ಪಟ್ಟಿ, ಕಣ್ಣು ಕುಕ್ಕುವಂಥದ್ದು. ಅದರ ಸಂದಿಯಲ್ಲಿ ನೂಲಿನಷ್ಟು ತೆಳ್ಳಗೆ ಇಂಡಿಕೇಟರ್. ಹಿಂದುಗಡೆಯದನ್ನು ಕೆಲವರು ಬಂಪರಿನ ಕೆಳಗೆ ಒಯ್ದು ಇಟ್ಟಿದ್ದಾರೆ, ಹಿಂದಿನ ಗಾಡಿಯವನು ರಸ್ತೆಯ ಮೇಲೆ ಮಲಗಿ ನೋಡಬೇಕು. ಇಷ್ಟೊಂದು ಕಲಿತು, ಇಷ್ಟೊಂದು ಸಂಬಳ ತೆಗೆದುಕೊಂಡು ದೀಪ ವಿನ್ಯಾಸ ಮಾಡುವ ಆ ಪುಣ್ಯಾತ್ಮರು ಒಂದು ಸಲವಾದರೂ ಸಂಜೆಯ ಹೊತ್ತಿನಲ್ಲಿ ತಮ್ಮದೇ ಕಾರಿನ ಎದುರು ನಿಂತು ನೋಡಿದ್ದಾರೆಯೆ? ದೀಪ ಇರುವುದು ಇನ್ನೊಬ್ಬನಿಗೆ ಹೇಳುವುದಕ್ಕೆ. ಈಗ ಅದು ಕೊಂಡವನ ಹಣೆಗೆ ಇಟ್ಟ ಕುಂಕುಮದಂತಾಗಿದೆ.

ಮೈಸೂರಿನವರೇನೂ ದೇವರಲ್ಲ. ಅಲ್ಲಿ ಅರ್ಧ ಜನ ಇಂಡಿಕೇಟರ್ ಹಾಕುವುದೇ ಇಲ್ಲ, ಉಳಿದರ್ಧ ಜನ ಹಾಕಿದ್ದನ್ನು ಆರಿಸುವುದಿಲ್ಲ. ನಾನು ಓಡಿಸಲು ಕಲಿತ ಕಾಲಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಆದರೂ ಅಲ್ಲಿ ಬಲದೀಪ ಹಾಕಿದವನನ್ನು ಬಲಗಡೆಯಿಂದಲೇ ದಾಟಲು ಹೋಗುವವನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಇಲ್ಲಿ ದಾಟದೆ ನಿಂತವಳಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಇಷ್ಟು ಬೈದುಕೊಂಡು ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಶರಣವ್ವನಿಗೆ ಗಾಡಿ ಕಲಿಸಿದವಳು ನಾನು.

ಅವರು ರೊಟ್ಟಿಯ ಡಬ್ಬಿಗಳನ್ನು ಕಂಕುಳಲ್ಲಿ, ತಲೆಯ ಮೇಲೆ, ಟಂಟಂನಲ್ಲಿ ಸಾಗಿಸಿ ಸಾಕಾಗಿದ್ದರು. ಬ್ಯಾಟರಿ ಸ್ಕೂಟರ್ ಬೇಕು ಎಂದು ಹಟ ಹಿಡಿದಾಗ ಮಗನಿಗೆ ಇಷ್ಟವಿರಲಿಲ್ಲ. "ಈ ವಯಸ್ಸಿನ್ಯಾಗ ಯಾಕಬೇ ನಿನಗ ಗಾಡಿ? ನಾ ಇಲ್ಲೇನು ಕೊಡಾಕ?" ಎಂದ. "ನಿನ್ನ ಅಂಗಡಿ ಬಿಟ್ಟು ನೀ ಯಾವಾಗ ಬಂದೀ?" ಎಂದು ಅವನ ಬಾಯಿ ಮುಚ್ಚಿಸಿ, ಸ್ಕೂಟರ್ ತರಿಸಿಕೊಂಡು, ಬೆಳಗಿನ ಹೊತ್ತು ಖಾಲಿ ಇರುವ ಮೈದಾನಕ್ಕೆ ನನ್ನನ್ನು ಕರೆದುಕೊಂಡು ಹೋದರು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಎರಡೇ ದಿನದಲ್ಲಿ ಬೀಳದೆ ಸುತ್ತು ಹೊಡೆದರು. ಇಲ್ಲಿಗೆ ಬಂದ ಮೇಲೆ ನಾನು ಅಷ್ಟು ಸಂತೋಷಪಟ್ಟ ದಿನ ಬೇರೊಂದಿಲ್ಲ. ನನಗೂ ಈ ಊರಿನಲ್ಲಿ ಒಂದು ಉಪಯೋಗವಿದೆ ಅನ್ನಿಸಿತ್ತು.

ಬಲಕ್ಕೆ ತಿರುಗುವುದನ್ನು ಮಾತ್ರ ಅವರು ತಮ್ಮದೇ ರೀತಿಯಲ್ಲಿ ಮಾಡುತ್ತಿದ್ದರು. ರಸ್ತೆಯ ಎಡ ಅಂಚಿಗೆ ಸರಿದು, ಪೂರ್ತಿ ನಿಂತು, ಎರಡೂ ಕಾಲು ನೆಲಕ್ಕೆ ಊರಿ, ಹಿಂದಕ್ಕೆ ಹೊರಳಿ ನೋಡಿ, ಎಲ್ಲರೂ ಹೋದ ಮೇಲೆ ದಾಟುವುದು. ನಾನು ಗದರಿದೆ.

"ಹೀಗೆಲ್ಲ ಮಾಡಬಾರದು ಶರಣವ್ವ. ಮೊದಲೇ ಬಲಗಡೆ ಇಂಡಿಕೇಟರ್ ಹಾಕಿ. ನಿಧಾನವಾಗಿ ರಸ್ತೆಯ ನಡುವಿಗೆ ಬನ್ನಿ. ಎದುರಿಗೆ ಯಾರೂ ಇಲ್ಲ ಅಂದರೆ ತಿರುಗಿಸಿ."

"ಹಿಂದಿನಾಂವ ಏನಂತ ತಿಳ್ಕೊತಾನ್ರಿ?"

"ನೀವು ತಿರುಗ್ತೀರಿ ಅಂತ ತಿಳ್ಕೊಳ್ತಾನೆ. ಜಗತ್ತಿನಲ್ಲೆಲ್ಲ ಅದಕ್ಕೆ ಅದೇ ಅರ್ಥ."

"ಜಗತ್ತಿನ್ಯಾಗ ಇರ್ತೈತಿ ಬಿಡ್ರಿ. ಕುಷ್ಟಗ್ಯಾಗ?"

"ಕುಷ್ಟಗಿಯೂ ಜಗತ್ತಿನಲ್ಲೇ ಇದೆ," ಎಂದೆ ನಾನು. ಹಾಗೆ ಹೇಳಿದಾಗ ನನ್ನ ದನಿಯಲ್ಲಿದ್ದ ಗತ್ತು ಈಗಲೂ ಕಿವಿಯಲ್ಲಿದೆ. ಒಬ್ಬರಾದರೂ ಸರಿಯಾಗಿ ಮಾಡಿದರೆ ತಾನೇ ಉಳಿದವರು ಕಲಿಯುವುದು ಎಂದೂ ಸೇರಿಸಿದೆ. ಶರಣವ್ವ ತಲೆಯಾಡಿಸಿ, ನಾನು ಹೇಳಿದ ಹಾಗೇ ಮಾಡಿದರು. ಮೇಷ್ಟರ ಮಾತು ಮೀರದ ಮಕ್ಕಳ ಹಾಗೆ ಪ್ರತಿ ತಿರುವಿನಲ್ಲೂ ಲೈಟು ಹಾಕುತ್ತಿದ್ದರು. ಓಣಿಯ ಹೆಂಗಸರ ಮುಂದೆ "ನಮ್ಮ ಮೇಡಂ ಹೇಳ್ಯಾರ" ಎಂದು ಬೀಗುತ್ತಿದ್ದರು.

ಒಂದು ಸಂಜೆ ಆಫೀಸಿನಲ್ಲಿದ್ದಾಗ ಮಂಜುನಾಥನ ಫೋನು ಬಂತು. "ಮೇಡಂರ, ಅವ್ವಗ ಕಾರ್ ಬಡದೈತ್ರಿ," ಎಂದ. ಓಣಿಗೆ ತಿರುಗುವ ಜಾಗದಲ್ಲೇ ಆಗಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಶರಣವ್ವನನ್ನು ದವಾಖಾನೆಗೆ ಒಯ್ದಿದ್ದರು. ರಸ್ತೆಯ ತುಂಬ ರೊಟ್ಟಿಯ ಚೂರು. ಅಡ್ಡ ಬಿದ್ದಿದ್ದ ಸ್ಕೂಟರಿನ ಬಲಗಡೆಯ ಇಂಡಿಕೇಟರ್ ಇನ್ನೂ ಮಿನುಗುತ್ತಲೇ ಇತ್ತು. ಯಾರೂ ಅದನ್ನು ಆರಿಸಿರಲಿಲ್ಲ. ನಾನೇ ಬಗ್ಗಿ ಆರಿಸಿದೆ.

ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಕೊಪ್ಪಳಕ್ಕೆ ಒಯ್ದು ರಾಡು ಹಾಕಿಸಿದರು. ಗುದ್ದಿದ ಕಾರಿನವರು ವಿರುಪಣ್ಣ ಎಂಬ ದಾಳಿಂಬೆ ವ್ಯಾಪಾರಿ. ಓಡಿ ಹೋಗಲಿಲ್ಲ. ತಾವೇ ಎತ್ತಿ ತಮ್ಮ ಕಾರಿನಲ್ಲಿ ಮಲಗಿಸಿಕೊಂಡು ಹೋಗಿ, ಆಪರೇಷನ್ ಮುಗಿಯುವ ತನಕ ದವಾಖಾನೆಯ ಬಾಗಿಲಲ್ಲಿ ಕೂತಿದ್ದರು. ನಾನು ಒಬ್ಬ ಪುಂಡನನ್ನು ನಿರೀಕ್ಷಿಸಿಕೊಂಡು ಹೋದವಳು. ಬಿಳಿ ಅಂಗಿ, ವಿಭೂತಿಯ ಈ ಮನುಷ್ಯನನ್ನು ಹೇಗೆ ಬೈಯುವುದು ಎಂದು ತಿಳಿಯದೆ ಹಲ್ಲು ಕಚ್ಚಿಕೊಂಡೆ.

ಶರಣವ್ವ ಮನೆಗೆ ಬಂದ ಮೇಲೆ ಒಂದು ಮುಂಜಾನೆ ವಿರುಪಣ್ಣ ಬುಟ್ಟಿ ತುಂಬ ದಾಳಿಂಬೆ ಹಿಡಿದು ನೋಡಲು ಬಂದರು. ಪಡಸಾಲೆಯಲ್ಲಿ ಶರಣವ್ವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಅವರ ಗಂಡನ ಅಣ್ಣ, ಮನೆಗೆ ಹಿರಿಯರು, ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಮಂಜುನಾಥ ಬಾಗಿಲಿಗೆ ಒರಗಿ ನಿಂತಿದ್ದ. ನನ್ನನ್ನೂ ಕರೆದಿದ್ದರು.

"ಆಗಿದ್ದು ಆಗಿ ಹೋತು," ಎಂದರು ಹಿರಿಯರು. "ವಿರುಪಣ್ಣಾರು ದೊಡ್ಡ ಮನಸ ಮಾಡಿ ಎಲ್ಲಾ ನೋಡ್ಕೊಂಡಾರ. ಸ್ಟೇಷನ್ನು ಗೀಷನ್ನು ಬ್ಯಾಡ. ತಪ್ಪು ನಮ್ಮಾಕೀದೂ ಐತಿ."

"ಅವರದೇನು ತಪ್ಪು?" ಎಂದೆ.

"ಅಕಿ ಯಾಕ ಲೈಟ್ ಹಾಕಿದ್ಲು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ವಿರುಪಣ್ಣನ ಕಡೆ ತಿರುಗಿ, "ನಿಮಗೆ ಅವರ ಇಂಡಿಕೇಟರ್ ಕಾಣಿಸಲಿಲ್ವಾ?" ಎಂದು ಕೇಳಿದೆ.

"ಕಾಣಿಸ್ತಲ್ರಿ ಮೇಡಂರ," ಎಂದರು ಅವರು, ಕಣ್ಣಲ್ಲಿ ನೀರು ತುಂಬಿಕೊಂಡು. "ಛಲೋತ್ನಾಗೆ ಕಾಣಿಸ್ತು. ಅದಕ್ಕ ನಾ ಹೋದ್ನಿ. ಅವ್ವಾರು ಸೈಡ್ ಕೊಟ್ರು, ಹೋಗಂದ್ರು ಅಂತ ತಿಳ್ಕೊಂಡ್ನಿ. ನಾ ದೇವರಾಣಿ ಬೇಕಂತ ಮಾಡಿಲ್ರಿ."

ಜಿಲ್ಲೆಯ ಅಷ್ಟೂ ಗಾಡಿಗಳ ದೀಪ ಕಾಣಿಸುವುದಿಲ್ಲ ಎಂದು ನಾನು ಬೈಯುತ್ತಾ ತಿರುಗಿದ್ದೆ. ಚೆನ್ನಾಗಿ ಕಂಡ ಒಂದೇ ಒಂದು ದೀಪ ಶರಣವ್ವನದು. ಅದು ಕಂಡದ್ದಕ್ಕೇ ಅವರ ಕಾಲು ಮುರಿಯಿತು.

"ಹಾಗಾದರೆ ಬಲಕ್ಕೆ ತಿರುಗುವವರು ಏನು ಮಾಡಬೇಕು, ನೀವೇ ಹೇಳಿ," ಎಂದೆ. ನನ್ನ ದನಿ ಏರುತ್ತಿತ್ತು.

"ಕೈ ಮಾಡ್ಬೇಕ್ರಿ."

"ಕೈ ಬಿಟ್ಟರೆ ಹ್ಯಾಂಡಲ್ ಯಾರು ಹಿಡಿಯೋರು? ಬ್ರೇಕು ಯಾರು ಒತ್ತೋರು?"

"ಹಂಗಾರ ಎಡಕ್ಕ ನಿಂತು, ಎಲ್ಲಾರು ಹೋದಮ್ಯಾಲ ದಾಟಬೇಕ್ರಿ."

"ಹಾಗಾದರೆ ಆ ಲೈಟು ಇರುವುದು ಯಾತಕ್ಕೆ?"

ವಿರುಪಣ್ಣ ಪ್ರಾಮಾಣಿಕವಾಗಿ ಯೋಚಿಸಿದರು. "ಹಿಂದಿನಾಂವಗ ಹೋಗಪಾ ಅನ್ನಾಕ," ಎಂದರು.

ನಾನು ಎದ್ದು ನಿಂತುಬಿಟ್ಟೆ. ಕಾನೂನಿನಲ್ಲಿ ಹಾಗಿಲ್ಲ, ಲೈಸೆನ್ಸ್ ಕೊಡುವಾಗ ಹಾಗೆ ಹೇಳಿಕೊಡುವುದಿಲ್ಲ, ಸರಿಯಾದ್ದನ್ನು ಮಾಡಿದ ಒಬ್ಬ ಹೆಂಗಸಿನ ಕಾಲು ಮುರಿದು ಅವಳದೇ ತಪ್ಪು ಎನ್ನುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಕೂಗಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನು ಮುಗಿಸಿದ ಮೇಲೆ ಹಿರಿಯರು ಗಟ್ಟಿ ದನಿಯೂ ಮಾಡದೆ ಹೇಳಿದರು: "ಊರಿಗೆಲ್ಲಾ ಒಂದು ಹಾದಿ ಆದ್ರ ಎಡವಟ್ಟಗ ಒಂದು ಹಾದಿ ಅಂತಾರ್ರಿ ಮೇಡಂರ. ನಿಮ್ಮದು ಖರೆ ಇರಬೌದು. ಆದ್ರ ಊರಾಗಿನ ಗಾಡಿ ಹೊಡಿಯೋರೆಲ್ಲಾ ನಿಮ್ಮ ಕಡೆ ಓದಿ ಬಂದಿಲ್ಲ. ಅಕಿ ನಡಿಬೇಕಾಗಿದ್ದು ಈ ಹಾದ್ಯಾಗ."

ಮಂಜುನಾಥ ನನ್ನ ಮುಖ ನೋಡದೆ, "ಇನ್ನ ಗಾಡಿ ಬ್ಯಾಡ," ಎಂದ. "ಲೈಟ್ ಹೆಂಗ ಹಾಕಬೇಕು ತಿಳೀದಾಕಿಗೆ ಗಾಡಿ ಯಾಕ? ಮಾರಿಬಿಡ್ತೀನಿ." ಕೀಲಿಕೈಯನ್ನು ಅವನು ಆಗಲೇ ತನ್ನ ಜೇಬಿಗೆ ಹಾಕಿಕೊಂಡಿದ್ದ. ಶರಣವ್ವ ಗೋಡೆಗೆ ಒರಗಿ, ಪಟ್ಟಿ ಕಟ್ಟಿದ ತಮ್ಮ ಕಾಲನ್ನೇ ನೋಡುತ್ತಿದ್ದರು.

ವಿರುಪಣ್ಣ ಹೊರಟಾಗ ನಾನು ಅವರ ಕಾರಿನ ಹತ್ತಿರ ಹೋದೆ. ಹೊಸ ಕಾರು, ದೊಡ್ಡದು. ಇಂಡಿಕೇಟರ್ ಹಾಕಿ ತೋರಿಸಿ ಎಂದೆ. ಹಾಕಿದರು. ಉರಿಯುವ ಬಿಳಿ ಪಟ್ಟಿಯ ಅಂಚಿನಲ್ಲಿ ಏನೋ ಒಂದು ಹಳದಿ ಎಳೆ ಸುಳಿದಾಡಿದಂತೆ ಕಂಡಿತು, ಆ ಬಿಸಿಲಿನಲ್ಲಿ ನನಗೆ ಖಾತ್ರಿಯಾಗಲಿಲ್ಲ. ನಾನು ಕಣ್ಣು ಕಿರಿದು ಮಾಡಿ ನೋಡುತ್ತಿರುವುದನ್ನು ಬೇರೆ ರೀತಿ ತಿಳಿದುಕೊಂಡ ಅವರು, "ಚಂದ ಐತಲ್ರಿ?" ಎಂದರು ಮೆಲ್ಲಗೆ. ಅವರನ್ನು ನಾನು ಬೈಯಲಿಲ್ಲ. ಮಾಳಿಗೆ ಹತ್ತಿ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ.

ಆ ಮೇಲಿನ ತಿಂಗಳುಗಳು ಕೆಟ್ಟದಾಗಿ ಕಳೆದವು. ಶರಣವ್ವ ಕೋಲು ಹಿಡಿದು ನಡೆಯತೊಡಗಿದರು. ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಿಸಿತು, ಆದರೆ ಖಾನಾವಳಿಗೆ ಒಯ್ಯುವವರಿಲ್ಲದೆ ಅರ್ಧಕ್ಕೆ ಇಳಿದಿತ್ತು. ಸ್ಕೂಟರ್ ಮೆಟ್ಟಿಲ ಕೆಳಗೆ ಹಳೆಯ ಚಾದರ ಹೊದ್ದು ನಿಂತಿತ್ತು. ನಾನು ಮಂಜುನಾಥನ ಅಂಗಡಿಗೆ ಹೋಗಿ ಒಂದೆರಡು ಸಲ ಕೇಳಿದೆ. "ಅವ್ವ ಮತ್ತ ಬಿದ್ರ ನೀವು ಬರ್ತೀರೇನ್ರಿ? ನಿಮ್ಮ ಟ್ರಾನ್ಸ್‌ಫರ್ ಆದ್ರ ನೀವು ಹೊಕ್ಕೀರಿ," ಎಂದ. ಅವನ ಮಾತು ಸುಳ್ಳಲ್ಲ ಎಂಬುದೇ ನನಗೆ ಚುಚ್ಚಿತು. ಈ ಊರಿನಲ್ಲಿ ನಾನು ಎಷ್ಟು ರೊಟ್ಟಿ ಕಡಿದರೂ ಹೋಗುವವಳೇ. ಶರಣವ್ವನ ಮುಂದೆ ಇಂಡಿಕೇಟರ್ ಎಂಬ ಮಾತೆತ್ತಲು ನನಗೆ ಬಾಯಿ ಬರುತ್ತಿರಲಿಲ್ಲ.

ಒಂದು ಮುಂಜಾನೆ ಅವರೇ ಕೆಳಗಿನಿಂದ ಕೂಗಿದರು. ಇಳಿದು ನೋಡಿದರೆ ಸ್ಕೂಟರ್ ಅಂಗಳದಲ್ಲಿ ನಿಂತಿದೆ, ರೊಟ್ಟಿಯ ಡಬ್ಬಿ ಮುಂದೆ ಇಟ್ಟಿದ್ದಾರೆ. ಮಂಜುನಾಥ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಕೀಲಿ ಕೊಟ್ಟನೇ?" ಎಂದೆ.

"ಕೊಡಲಾರದ ಏನ್ಮಾಡ್ತಾನ? ನಿಮ್ಮಪ್ಪನ ಲಾರಿ ಎಷ್ಟು ಸಲ ಬಿತ್ತು, ಅಷ್ಟೂ ಸಲ ಮನ್ಯಾಗ ಕುಂತಿದ್ರ ನೀ ಸಾಲಿ ಕಲಿತಿದ್ದೇನು ಅಂತ ಕೇಳಿದೆ. ಬರ್ರಿ, ಹಿಂದ ಕುಂದರ್ರಿ."

ಕೂತೆ. ಹೆದರಿಕೆಯಿಂದ ಅವರ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಖಾನಾವಳಿಗೆ ರೊಟ್ಟಿ ಕೊಟ್ಟು ವಾಪಸ್ಸು ಬರುವಾಗ ಅದೇ ತಿರುವು ಬಂತು. ಶರಣವ್ವ ಇಂಡಿಕೇಟರ್ ಮುಟ್ಟಲಿಲ್ಲ. ನೋಡಿದರೆ ಆ ಗುಂಡಿಯ ಮೇಲೆ ಕರಿ ಟೇಪು ಸುತ್ತಿತ್ತು. ಎಡ ಅಂಚಿಗೆ ಸರಿದು, ನಿಂತು, ರಾಡು ಹಾಕಿದ ಕಾಲನ್ನು ನೋವಿನಿಂದ ನೆಲಕ್ಕೆ ಊರಿದರು. ಹಿಂದಕ್ಕೆ ಹೊರಳಿ, ಬರುತ್ತಿದ್ದ ಟಂಟಂನವನ ಮುಖವನ್ನು ನೇರವಾಗಿ ನೋಡಿ, ಅಂಗೈ ಎತ್ತಿ ಹಿಡಿದರು. ಅವನು ನಿಧಾನ ಮಾಡಿದ. "ತಡೀಪಾ, ಹೊಂಟೀನಿ," ಎಂದು ಅವನಿಗೆ ಹೇಳಿ, ದಾಟಿದರು.

"ಲೈಟ್ ನೋಡಿದಾಂವ ಏನರ ತಿಳ್ಕೊತಾನ್ರಿ," ಎಂದರು ಓಣಿಯೊಳಗೆ ಬಂದ ಮೇಲೆ. "ಮಾರಿ ನೋಡಿದಾಂವ ಹೊಡಿಯಂಗಿಲ್ಲ. ನೀವು ಮನಸಿಗಿ ಹಚ್ಕೋಬ್ಯಾಡ್ರಿ. ಗಾಡಿ ಕಲಿಸಿದವ್ರು ನೀವ."

ಅವರು ನನ್ನನ್ನು ಕ್ಷಮಿಸಿದರು. ನಾನು ಯಾರನ್ನೂ ಕ್ಷಮಿಸಿಲ್ಲ. ಮುರಿದ ಕಾಲಿನ ಹೆಂಗಸು ಪ್ರತಿ ತಿರುವಿನಲ್ಲೂ ಆ ಕಾಲನ್ನೇ ನೆಲಕ್ಕೆ ಊರಿ, ಬರುವವನ ದಯೆ ಕೇಳಿ ದಾಟಬೇಕು. ಯಾಕೆಂದರೆ ಅವಳ ಗಾಡಿಯ ದೀಪಕ್ಕೆ ಇಡೀ ಜಿಲ್ಲೆ ಬೇರೆ ಅರ್ಥ ಕೊಟ್ಟು ಕೂತಿದೆ, ಅದನ್ನು ತಿದ್ದಬೇಕಾದವರಿಗೆ ಪುರುಸೊತ್ತಿಲ್ಲ. ಅವರು ಬದುಕುವ ದಾರಿ ಕಂಡುಕೊಂಡರು ಎಂದು ಚಪ್ಪಾಳೆ ತಟ್ಟಲು ನನಗೆ ಮನಸ್ಸಿಲ್ಲ. ಅವರು ಹಾಗೆ ದಾರಿ ಹುಡುಕಬೇಕಾಗಿ ಬಂದದ್ದೇ ಅನ್ಯಾಯ.

ಕಳೆದ ರಜೆಯಲ್ಲಿ ಮೈಸೂರಿಗೆ ಹೋದೆ. ಸಂಜೆ ಅಣ್ಣನನ್ನು ಪಕ್ಕದಲ್ಲಿ, ಮಗಳನ್ನು ಹಿಂದೆ ಕೂರಿಸಿಕೊಂಡು ಅದೇ ಹಳೆಯ ಕಾರಿನಲ್ಲಿ ಹೊರಟಿದ್ದೆ. ಮನೆಯ ಬೀದಿಗೆ ಬಲಕ್ಕೆ ತಿರುಗಬೇಕು. ನಾನು ಯೋಚಿಸಲೂ ಇಲ್ಲ, ಎಡಕ್ಕೆ ಸರಿದು ನಿಂತೆ.

"ಇಲ್ಯಾಕೆ ನಿಲ್ಲಿಸ್ದೆ ಸುಮಾ? ಇಂಡಿಕೇಟರ್ ಹಾಕಿ ತಿರುಗ್ಸೇ," ಎಂದ ಅಣ್ಣ.

ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಒಂದು ಕಾರು ಬರುತ್ತಿತ್ತು. ಅದು ನನ್ನ ದೀಪ ನೋಡಿ ನಿಧಾನವಾಯಿತು. ನಿಂತಿತು. ಹಾರ್ನು ಕೂಡ ಮಾಡದೆ ನಾನು ತಿರುಗಲಿ ಎಂದು ಕಾಯುತ್ತಿತ್ತು. ಎರಡು ವರ್ಷ ನಾನು ಎಲ್ಲರ ಮುಂದೆ ಕೂಗಿ ಕೇಳಿದ್ದು ಇಷ್ಟನ್ನೇ. ಅದು ನನ್ನ ಹಿಂದೆಯೇ ಬಂದು ನಿಂತಿತ್ತು. ನನ್ನ ಕಾಲು ಬ್ರೇಕಿನಿಂದ ಏಳಲಿಲ್ಲ.

"ಹೋಗೇ, ಅವ್ರು ಬಿಟ್ಟಿದ್ದಾರಲ್ಲ."

"ಬಿಟ್ಟಿದ್ದಾರೆ ಅಂತ ನಿನಗೆ ಹೇಗೆ ಗೊತ್ತು?"

"ನಿನ್ನ ಲೈಟ್ ಉರೀತಾ ಇದೆಯಲ್ಲೇ," ಎಂದ ಅಣ್ಣ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಹಿಂದಿನಿಂದ ಮಗಳು, "ಅಮ್ಮ, ಏನಾಯ್ತು?" ಎಂದಳು.

ನಾನು ಕಿಟಕಿಯ ಗಾಜು ಇಳಿಸಿದೆ. ಕತ್ತು ಹೊರಗೆ ಹಾಕಿ ಹಿಂದಕ್ಕೆ ಹೊರಳಿ, ಆ ಕಾರಿನವನ ಮುಖ ಸಿಗುವ ತನಕ ನೋಡಿದೆ. ಯಾರೋ ಕನ್ನಡಕದ ಹುಡುಗ, ಗಾಬರಿಯಾಗಿದ್ದ. ಅವನಿಗೆ ಅಂಗೈ ಎತ್ತಿ ತೋರಿಸಿದೆ.

"ತಡೀಪಾ, ಹೊಂಟೀನಿ," ಎಂದೆ.

ಅಣ್ಣನೂ ಮಗಳೂ ನನ್ನನ್ನೇ ನೋಡಿದರು. ನಾನು ತಿರುಗಿಸಿದೆ.